ಕೇಡಗಾಂವದ ತಾಯಿ: ಪಂಡಿತಾ ರಮಾಬಾಯಿಯವರ ಜೀವನ

ಪುಣೆಯಿಂದ ಸೋಲಾಪುರ, ಕಲಬುರಗಿಗಳ ಕಡೆಗೆ ರೈಲಿನಲ್ಲಿ ಹೊರಡುವ ನಮ್ಮ ವಾಚಕರು ದೌಂಡ್ ಜಂಕ್ಷನ್ನನ್ನು ಮುಟ್ಟುವುದಕ್ಕೆ ಮೊದಲು ಕೇಡಗಾಂವವೆಂಬ ಒಂದು ಸಣ್ಣ ಸ್ಟೇಷನ್ನನ್ನು ದಾಟಿ ಹೋಗುತ್ತಾರೆ. ಪುಣೆಯಿಂದ ಅಲ್ಲಿಗೆ ಸುಮಾರು 55 ಕಿಲೋಮೀಟರು. ಊರಿಗೆ ಹೋಗುವ ಆತುರದಲ್ಲಿ ಬುತ್ತಿ ಬಿಚ್ಚುವ ಹೊತ್ತು ಅದು. ಕಿಟಕಿಯ ಹೊರಗೆ ನೋಡುವವರು ವಿರಳ. ಆದರೆ ಆ ಊರಿನ ಬಯಲಿನಲ್ಲಿ ನಮ್ಮ ಕಾರ್ಕಳ ಸೀಮೆಯ ಮೂಲದ ಒಬ್ಬ ಹೆಣ್ಣುಮಗಳು ಎರಡು ಸಾವಿರದಷ್ಟು ಅನಾಥ ಹೆಣ್ಣುಮಕ್ಕಳಿಗೆ ತಾಯಿಯಾಗಿ ಬಾಳಿ, ಅಲ್ಲಿಯೇ ಮಣ್ಣಾದಳೆಂಬ ಸಂಗತಿಯನ್ನು ಪುಣೆಯ ಕನ್ನಡಿಗರು ತಿಳಿದಿರುವುದು ಉಚಿತ. ಆಕೆಯನ್ನು ಮಹಾರಾಷ್ಟ್ರವು ತನ್ನವಳೆಂದು ಹೇಳಿಕೊಳ್ಳುತ್ತದೆ, ಅದು ನ್ಯಾಯವೂ ಹೌದು. ಆದರೆ ಹುಟ್ಟಿದ ಮಣ್ಣು ಕನ್ನಡದ್ದು.

ಪಂಡಿತಾ ರಮಾಬಾಯಿಯವರ ವಿದ್ವತ್ತನ್ನೂ, ಸ್ತ್ರೀಶಿಕ್ಷಣಕ್ಕಾಗಿ ಅವರು ಪಟ್ಟ ಶ್ರಮವನ್ನೂ ಕುರಿತು ಬರೆದವರು ಅನೇಕರಿದ್ದಾರೆ. ಈ ಲೇಖನದ ಉದ್ದೇಶ ಅಷ್ಟು ದೊಡ್ಡದಲ್ಲ. ಕ್ಷಾಮ, ಪ್ಲೇಗು, ಲೋಕಾಪವಾದ, ಮರಣಗಳು ಒಂದರ ಹಿಂದೊಂದು ಬಂದ ಬಾಳಿನಲ್ಲಿ ಆಕೆಯನ್ನು ಎತ್ತಿ ನಿಲ್ಲಿಸಿದ್ದು ಯಾವುದು ಎಂಬುದನ್ನು ಮಾತ್ರ ನೋಡಬೇಕೆಂದಿದ್ದೇನೆ. 2020ರಲ್ಲಿ ಪುಣೆಯ ಹೋಟೆಲುಗಳ ಬಾಗಿಲು ಮುಚ್ಚಿ, ಊರಿಗೆ ಹೋಗಲು ದಾರಿಯೂ ಇಲ್ಲದೆ ನಾವೆಲ್ಲ ಮನೆಯೊಳಗೆ ಕುಳಿತಿದ್ದ ತಿಂಗಳುಗಳಲ್ಲಿ ಸಂಜೆಯ ದೀಪ, ಮಕ್ಕಳೊಡನೆ ಒಂದು ಭಜನೆ, ಕ್ರೈಸ್ತ ನೆರೆಮನೆಯಲ್ಲಿ ಕೇಳಿಬರುತ್ತಿದ್ದ ಪ್ರಾರ್ಥನೆ ಇವೇ ದಿನವನ್ನು ದಾಟಿಸಿದುವು. ಆಗ ಈ ತಾಯಿಯ ಚರಿತ್ರೆಯನ್ನು ಮತ್ತೊಮ್ಮೆ ಓದಿದೆ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಚಿತ್ಪಾವನ ಬ್ರಾಹ್ಮಣರು. ಇಂದಿನ ಕಾರ್ಕಳ ತಾಲೂಕಿನ ಮಾಳದವರು. ಘಟ್ಟದ ಬುಡದ ಆ ಹಳ್ಳಿಯಲ್ಲಿ ಚಿತ್ಪಾವನರ ಮನೆಗಳು ಇಂದಿಗೂ ಇವೆ. ಅನಂತಶಾಸ್ತ್ರಿಗಳು ತಾರುಣ್ಯದಲ್ಲಿ ಪುಣೆಗೆ ಬಂದು ರಾಮಚಂದ್ರಶಾಸ್ತ್ರಿ ಸಾಠೆಯವರಲ್ಲಿ ಸಂಸ್ಕೃತವನ್ನು ಕಲಿತರು. ಆ ಗುರುಗಳು ಎರಡನೆಯ ಬಾಜೀರಾಯ ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಪಾಠ ಹೇಳುತ್ತಿದ್ದರು. ಹೆಂಗಸೊಬ್ಬಳು ಶುದ್ಧವಾಗಿ ಸಂಸ್ಕೃತ ಶ್ಲೋಕಗಳನ್ನು ಹೇಳುವುದನ್ನು ಕೇಳಿ ಬೆರಗಾದ ಶಿಷ್ಯನು ತನ್ನ ಹೆಂಡತಿಗೂ ಈ ವಿದ್ಯೆಯನ್ನು ಕಲಿಸುವೆನೆಂದು ನಿಶ್ಚಯಿಸಿದನು. ಮನೆಯ ಹಿರಿಯರು ಒಪ್ಪಲಿಲ್ಲ. ಮೊದಲ ಹೆಂಡತಿ ತೀರಿಕೊಂಡ ಮೇಲೆ, ಮಧ್ಯವಯಸ್ಸಿನಲ್ಲಿ, ತೀರ್ಥಯಾತ್ರೆಯ ದಾರಿಯಲ್ಲಿ ಗೋದಾವರಿಯ ತೀರದಲ್ಲಿ ಒಂಬತ್ತು ವರ್ಷದ ಲಕ್ಷ್ಮಿಯನ್ನು ಅವರು ವಿವಾಹವಾದರು. ಆ ಕಾಲದ ಇಂತಹ ವಿವಾಹಗಳನ್ನು ನಾವು ಮೆಚ್ಚಲಾರೆವು. ಮುಂದೆ ಅವರ ಮಗಳೇ ಈ ಪದ್ಧತಿಯ ವಿರುದ್ಧ ಲೇಖನಿಯನ್ನು ಹಿಡಿದಳು. ಆದರೆ ಶಾಸ್ತ್ರಿಗಳು ಈ ಹುಡುಗಿಗೆ ಸಂಸ್ಕೃತವನ್ನು ಕಲಿಸಿಯೇ ಬಿಟ್ಟರು. ಊರಿನಲ್ಲಿ ಗದ್ದಲವೆದ್ದಿತು. ಉಡುಪಿಯಲ್ಲಿ ವಿದ್ವಾಂಸರ ಸಭೆ ಸೇರಿ ಅವರನ್ನು ವಿಚಾರಿಸಿತು. ಶಾಸ್ತ್ರಿಗಳು ಗ್ರಂಥಾಧಾರಗಳನ್ನು ಒಡ್ಡಿ, ವೇದವೊಂದನ್ನು ಬಿಟ್ಟು ಉಳಿದ ಸಂಸ್ಕೃತ ಸಾಹಿತ್ಯವನ್ನು ಸ್ತ್ರೀಯರು ಕಲಿಯಬಹುದೆಂದು ವಾದಿಸಿದರು. ಬಹಿಷ್ಕಾರವಾಗಲಿಲ್ಲ, ಮನ್ನಣೆಯೂ ದೊರೆಯಲಿಲ್ಲ.

ಊರಿನವರ ಕಟಕಿಯ ಮಾತುಗಳಿಂದ ಬೇಸತ್ತು ಅವರು ಘಟ್ಟದ ಮೇಲಿನ ಗಂಗಾಮೂಲದ ಕಾಡಿಗೆ ಹೋಗಿ ಮನೆ ಮಾಡಿದರು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಈ ಸ್ಥಳ ಇಂದು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಸೇರಿದೆ. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು. ಕಾಡಿನ ಮನೆಯಲ್ಲಿ ವಿದ್ಯಾರ್ಥಿಗಳಿಗೂ ಯಾತ್ರಿಕರಿಗೂ ಹೊತ್ತುಹೊತ್ತಿಗೆ ಊಟ. ಬಂದವರನ್ನು ಹಣ ಕೇಳುವುದು ಶಾಸ್ತ್ರಿಗಳ ಧರ್ಮವಲ್ಲ. ಅನ್ನದ ವ್ಯವಹಾರದಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಅದರ ಫಲವು ಏನಾಗುವುದೆಂದು ಊಹಿಸುವುದು ಕಷ್ಟವಲ್ಲ. ಆಸ್ತಿಯೆಲ್ಲ ಸಾಲಕ್ಕೆ ಹೋಯಿತು. ರಮೆಗೆ ಆರು ತಿಂಗಳಾಗಿದ್ದಾಗ ಇಡೀ ಸಂಸಾರ ಬೀದಿಗೆ ಬಿದ್ದಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಅವರು ಘಟ್ಟವಿಳಿದರು. ಅಲ್ಲಿಂದ ಮುಂದೆ ಆ ಸಂಸಾರಕ್ಕೆ ಮನೆಯೆಂಬುದಿರಲಿಲ್ಲ. ದೇವಸ್ಥಾನದಿಂದ ದೇವಸ್ಥಾನಕ್ಕೆ ನಡೆಯುವುದು, ಪ್ರಾಕಾರದಲ್ಲಿ ಕುಳಿತು ಪುರಾಣವನ್ನೋದುವುದು, ಕೇಳಿದವರು ಕೊಟ್ಟುದನ್ನು ಉಣ್ಣುವುದು. ಈ ಅಲೆದಾಟದ ನಡುವೆಯೂ ತಾಯಿ ಲಕ್ಷ್ಮೀಬಾಯಿಯವರು ಮಗಳನ್ನು ನಸುಕಿನಲ್ಲಿ ಎಬ್ಬಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಆ ಹುಡುಗಿಗೆ ಹಾಗೆ ಕಂಠಸ್ಥವಾದುವು. ಮನೆಯಿಲ್ಲದಿದ್ದರೂ ಮನೆಯ ಕ್ರಮವಿತ್ತು. ಮುಂದಿನದನ್ನು ತಿಳಿಯಲು ಈ ಮಾತನ್ನು ನೆನಪಿನಲ್ಲಿಡಬೇಕು.

1870ರ ದಶಕದ ಕ್ಷಾಮವು ದಕ್ಷಿಣ ದೇಶವನ್ನೆಲ್ಲ ಬಡಿದಾಗ ಶಾಸ್ತ್ರಿಗಳು ವೃದ್ಧರು, ಕಣ್ಣು ಬಹುಮಟ್ಟಿಗೆ ಹೋಗಿತ್ತು. ಭಿಕ್ಷೆ ಬೇಡಲು ಅಭಿಮಾನ ಒಪ್ಪದು, ದುಡಿಯಲು ಅಭ್ಯಾಸವಿಲ್ಲ. ಇದ್ದ ಒಡವೆ, ಪಾತ್ರೆಗಳೆಲ್ಲ ಮಾರಿಹೋದುವು. ತಿರುಪತಿಯ ಕಡೆಯ ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಒಂದಿಷ್ಟು ಕಾಡು ಈಚಲ ಹಣ್ಣುಗಳ ಮೇಲೆ ಅವರು ಜೀವ ಹಿಡಿದರು. ತಂದೆಯವರು ಕಿರಿಯ ಮಗಳನ್ನು ಬಳಿಗೆ ಕರೆದು, ಬಿಗಿಯಾಗಿ ಅಪ್ಪಿಕೊಂಡು, ಆಕೆಯನ್ನು ದೇವರ ಕೈಗೆ ಒಪ್ಪಿಸಿರುವುದಾಗಿ ಹೇಳಿ, ಕೆಲವೇ ದಿನಗಳಲ್ಲಿ ಕಣ್ಮುಚ್ಚಿದರು. ಉಳಿದವರು ಹೇಗೋ ರಾಯಚೂರನ್ನು ಸೇರಿದರು. ಅಲ್ಲಿ ತಾಯಿ ಹಾಸಿಗೆ ಹಿಡಿದರು. ಯಾರ ಬಾಗಿಲಿನಲ್ಲಿಯೂ ಕೈಯೊಡ್ಡದಿದ್ದ ಹುಡುಗಿ ತಾಯಿಗಾಗಿ ನೆರೆಯ ಬ್ರಾಹ್ಮಣರ ಮನೆಯ ಮುಂದೆ ನಿಂತಳು. ಮಾತು ಹೊರಡದೆ ಅಳು ಬಂದಿತು. ಆ ಮನೆಯಾಕೆ ಸಜ್ಜೆಯ ರೊಟ್ಟಿಯ ತುಂಡೊಂದನ್ನು ಕೊಟ್ಟಳು. ತಾಯಿಗೆ ಅದನ್ನು ನುಂಗುವ ಶಕ್ತಿಯೂ ಉಳಿದಿರಲಿಲ್ಲ. ಹೆಣವನ್ನು ಹೊರಲು ಅಣ್ಣ ಶ್ರೀನಿವಾಸನೊಡನೆ ಇಬ್ಬರು ಬ್ರಾಹ್ಮಣರು ಮಾತ್ರ ಕೈಗೂಡಿಸಿದರು. ನಾಲ್ಕನೆಯವರಿಲ್ಲದೆ ರಮೆಯೇ ಹೆಗಲು ಕೊಟ್ಟಳು. ಆಕೆ ಗಿಡ್ಡಳಾದುದರಿಂದ ಚಟ್ಟದ ತನ್ನ ಭಾಗವನ್ನು ತಲೆಯ ಮೇಲೆ ಹೊರಬೇಕಾಯಿತು. ಕೆಲವು ತಿಂಗಳಲ್ಲಿ ಅಕ್ಕ ಕೃಷ್ಣಾಬಾಯಿ ಕಾಲರಾದಿಂದ ತೀರಿಕೊಂಡಳು.

ಅಣ್ಣತಂಗಿಯರು ಕಾಲ್ನಡಿಗೆಯಿಂದಲೇ ಉತ್ತರ ದೇಶವನ್ನು ಸುತ್ತಿ 1878ರಲ್ಲಿ ಕಲಕತ್ತೆಗೆ ಬಂದರು. ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತವನ್ನು ಕೇಳಿ ಅಲ್ಲಿಯ ಪಂಡಿತರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಆ ನಗರದಲ್ಲಿಯೇ ಅವರು ಮೊದಲ ಬಾರಿಗೆ ಒಂದು ಕ್ರೈಸ್ತ ಕೂಟವನ್ನು ನೋಡಿದರು. ಜಾತಿಯಲ್ಲಿ ಉತ್ತಮರೆನಿಸಿದ ಹೆಸರಿನವರೂ ಇಂಗ್ಲಿಷರೊಡನೆ ಕುಳಿತು ಚಹ ಬಿಸ್ಕತ್ತು ತಿನ್ನುತ್ತಿದ್ದುದನ್ನು ಕಂಡು ಕಲಿಯುಗವು ಪೂರ್ಣವಾಗಿ ನೆಲೆಗೊಂಡಿತೆಂದು ಅಣ್ಣತಂಗಿಯರು ಭಾವಿಸಿದರಂತೆ. ಬಳಿಕ ಎಲ್ಲರೂ ಕುರ್ಚಿಗಳ ಕಡೆ ತಿರುಗಿ ಮೊಣಕಾಲೂರಿದಾಗ, ಈ ಜನ ಕುರ್ಚಿಯನ್ನು ಪೂಜಿಸುತ್ತಾರೆಂದೇ ಅವರಿಗೆ ತೋರಿತು. ಅದೇ ರಮಾಬಾಯಿ ಮುಂದೆ ಸಹಸ್ರಾರು ಮಕ್ಕಳೊಡನೆ ದಿನವೂ ಮೊಣಕಾಲೂರಿದರೆಂಬುದನ್ನು ನೆನೆದರೆ ನಗುವೂ ಬರುತ್ತದೆ, ಬೇರೊಂದು ಭಾವವೂ ಬರುತ್ತದೆ.

1880ರಲ್ಲಿ ಅಣ್ಣನೂ ಢಾಕಾದಲ್ಲಿ ತೀರಿಕೊಂಡನು. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿಯೆಂಬ ಬಂಗಾಳಿ ವಕೀಲರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾದರು. ಸಿಲ್ಚಾರಿನಲ್ಲಿ ಸಂಸಾರ. ಹುಟ್ಟಿದ ಆರನೆಯ ತಿಂಗಳಿನಿಂದ ದಾರಿಯಲ್ಲಿಯೇ ಬೆಳೆದವಳಿಗೆ ಮೊಟ್ಟಮೊದಲು ದೊರೆತ ಸ್ವಂತ ಮನೆ ಅದು. ಹೆಣ್ಣುಮಗುವೇ ಬೇಕೆಂದು ಆಸೆಪಟ್ಟಿದ್ದ ದಂಪತಿಗಳು 1881ರ ಏಪ್ರಿಲ್ 16ರಂದು ಹುಟ್ಟಿದ ಮಗುವಿಗೆ ಮನೋರಮಾ ಎಂದು ಹೆಸರಿಟ್ಟರು. ಪತಿಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಆಕೆಯ ಕಣ್ಣಿಗೆ ಬಿದ್ದುದೂ ಅಲ್ಲಿಯೇ. ಪತ್ನಿಗೆ ಅದರಲ್ಲಿ ಹುಟ್ಟಿದ ಆಸಕ್ತಿ ಪತಿಗೆ ರುಚಿಸಲಿಲ್ಲ. ಆದರೆ ಈ ಭೇದವು ಬೆಳೆಯಲು ಸಮಯವೇ ಇರಲಿಲ್ಲ. 1882ರ ಫೆಬ್ರವರಿಯಲ್ಲಿ ಮೇಧಾವಿಯವರು ಕಾಲರಾದಿಂದ ಮೃತರಾದರು. ಇಪ್ಪತ್ತಮೂರು ವರ್ಷದ ವಿಧವೆ, ಹತ್ತು ತಿಂಗಳ ಕೂಸು. ಆಕೆ ಪುಣೆಗೆ ಬಂದರು.

ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಕಟ್ಟಿದ್ದು, ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದದ್ದು, ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕವನ್ನು ಬರೆದದ್ದು ಎಲ್ಲವೂ ಆ ಒಂದು ವರ್ಷದ ಕೆಲಸ. ಇವುಗಳನ್ನು ಬಲ್ಲವರು ಬಹಳ, ವಿಸ್ತರಿಸುವುದಿಲ್ಲ. ಪಂಚಹೌದದ ಇಗರ್ಜಿಯ ವಾಂಟೇಜ್ ಮಠದ ಸನ್ಯಾಸಿನಿಯರ ಪರಿಚಯವೂ, ಬ್ರಾಹ್ಮಣಕುಲದಿಂದ ಕ್ರೈಸ್ತರಾಗಿದ್ದ ನೆಹೆಮಾಯ ಗೋರೆಯವರ ಪರಿಚಯವೂ ಆಕೆಗೆ ಆಗ ಆಯಿತು. 1883ರಲ್ಲಿ ವೈದ್ಯಕೀಯವನ್ನು ಕಲಿಯುವ ಆಶೆಯಿಂದ ಮಗುವಿನೊಡನೆ ಇಂಗ್ಲೆಂಡಿಗೆ ಹೊರಟರು. ಕಿವಿ ಮಂದವಾಗಿದ್ದುದರಿಂದ ಆ ಆಶೆ ಕೈಗೂಡಲಿಲ್ಲ. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಸನ್ಯಾಸಿನಿಯರು ದಾರಿತಪ್ಪಿದ ಹೆಂಗಸರನ್ನು ಹೇಸದೆ, ಹಂಗಿಸದೆ ಮನೆಯವರಂತೆ ನೋಡಿಕೊಳ್ಳುತ್ತಿದ್ದುದು ಆಕೆಯ ಮನಸ್ಸನ್ನು ಹಿಡಿಯಿತು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನವನ್ನು ಹೊಂದಿದರು.

ಆದರೆ ಮತಾಂತರದೊಡನೆ ಆಕೆಯ ತಲೆ ಬಾಗಿತೆಂದು ಯಾರೂ ತಿಳಿಯಬಾರದು. ವಾಂಟೇಜಿನ ಸನ್ಯಾಸಿನಿ ಜೆರಾಲ್ಡೀನರು ಆಕೆಗೆ ತಾಯಿಯಂತಿದ್ದರು. ಮನೋರಮೆಯಂತೂ ಅವರನ್ನು ಅಜ್ಜಿಯೆಂದು ಕರೆಯುತ್ತಿದ್ದಳು. ಆ ಪ್ರೀತಿಯ ನಡುವೆಯೇ ತೀವ್ರವಾದ ಪತ್ರಯುದ್ಧವೂ ನಡೆಯಿತು. ಲ್ಯಾಟಿನ್ ಬರಹವಿದ್ದ ಶಿಲುಬೆಯನ್ನು ಧರಿಸಲು ರಮಾಬಾಯಿ ಒಪ್ಪಲಿಲ್ಲ, ಬರಹ ಬೇಕೇ ಬೇಕಾದರೆ ಸಂಸ್ಕೃತದಲ್ಲಿರಲಿ ಎಂದರು. ಮಾಂಸವನ್ನು ಮುಟ್ಟಲಿಲ್ಲ, ಬಿಳಿಯ ಸೀರೆಯನ್ನು ಬಿಡಲಿಲ್ಲ. ತಾನು ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿದ್ದಾಗ ಮಗಳನ್ನು ವಾಂಟೇಜಿನಲ್ಲಿ ಬಿಡಬೇಕಾಗಿ ಬಂದರೂ, ಮಗುವಿಗೆ ಯಾವ ಧರ್ಮತತ್ತ್ವವನ್ನು ಯಾವಾಗ ಕಲಿಸಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ತಾಯಿಯದೆಂದೂ, ಮಗಳು ಭಾರತೀಯಳಾಗಿಯೇ ಬೆಳೆಯಬೇಕೆಂದೂ ಪಟ್ಟುಹಿಡಿದರು. ಅನ್ನಕ್ಕೂ ಆಸರೆಗೂ ಪರರನ್ನು ನೆಚ್ಚಿದ್ದ ಒಬ್ಬ ಪರದೇಶಿ ವಿಧವೆ ಇಷ್ಟು ಧೈರ್ಯವನ್ನು ತೋರಿಸಿದ್ದು ಸಾಮಾನ್ಯವಲ್ಲ.

1886ರಲ್ಲಿ ಆನಂದೀಬಾಯಿ ಜೋಶಿಯವರು ಫಿಲಾಡೆಲ್ಫಿಯಾದಲ್ಲಿ ವೈದ್ಯ ಪದವಿಯನ್ನು ಪಡೆಯುವುದನ್ನು ನೋಡಲು ರಮಾಬಾಯಿ ಅಮೆರಿಕಕ್ಕೆ ಹೋದರು. ಅಲ್ಲಿ ಉಚ್ಚವರ್ಣದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1887ರಲ್ಲಿ ಹೊರಬಂದು ಹೆಸರನ್ನೂ ಹಣವನ್ನೂ ತಂದಿತು. ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ಅದರ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ. ಮುಂದೆ ಅವರೇ ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಪತ್ನಿಯಾದರು.

ಆಗಿನ ಪುಣೆ ಎಂಥದಾಗಿತ್ತೆಂಬುದಕ್ಕೆ ಒಂದು ಉದಾಹರಣೆ ಸಾಕು. 1890ರಲ್ಲಿ ಇದೇ ಪಂಚಹೌದದ ಮಿಷನ್ನಿನಲ್ಲಿ ನಡೆದ ಒಂದು ಸಭೆಗೆ ರಾನಡೆ, ಟಿಳಕರಂತಹ ಗಣ್ಯರು ಹೋಗಿದ್ದರು. ಅಲ್ಲಿ ಚಹ ಕೊಟ್ಟರು. ಕುಡಿದವರ ಹೆಸರು ಪತ್ರಿಕೆಯಲ್ಲಿ ಬಂದು, ಪ್ರಾಯಶ್ಚಿತ್ತದ ವಾದವು ವರ್ಷಗಟ್ಟಲೆ ಎಳೆಯಿತು. ನಮ್ಮ ಕನ್ನಡಿಗರ ಹೋಟೆಲುಗಳಲ್ಲಿ ಇಂದು ಒಂದು ಬೆಳಗಿಗೆ ಎಷ್ಟು ಜಾತಿಯವರು ಒಂದೇ ಮೇಜಿನಲ್ಲಿ ಕುಳಿತು ಚಹ ಕುಡಿದೇಳುವರೋ ಲೆಕ್ಕವಿಟ್ಟವರಿಲ್ಲ.

ಇಂತಹ ಊರಿನಲ್ಲಿ ಶಾರದಾ ಸದನದ ಒಂದು ಕೊಠಡಿಯ ಬಾಗಿಲು ದೊಡ್ಡ ವಿವಾದಕ್ಕೆ ಕಾರಣವಾಯಿತು. ಸದನವು ಮತದ ವಿಷಯದಲ್ಲಿ ತಟಸ್ಥವಾಗಿರಬೇಕೆಂಬುದು ಕರಾರು. ಹುಡುಗಿಯರು ತಮ್ಮ ತಮ್ಮ ಪೂಜೆ, ಮಡಿ, ಊಟದ ಕ್ರಮಗಳನ್ನು ನಡೆಸಿಕೊಳ್ಳಲು ಸ್ವತಂತ್ರರಾಗಿದ್ದರು. ರಮಾಬಾಯಿಯವರೂ ತಮ್ಮ ಕೊಠಡಿಯಲ್ಲಿ ಮಗಳನ್ನು ಹತ್ತಿರ ಕೂರಿಸಿಕೊಂಡು ದಿನವೂ ಬೈಬಲನ್ನೋದಿ ಪ್ರಾರ್ಥಿಸುತ್ತಿದ್ದರು. ಬಾಗಿಲು ತೆರೆದಿರುತ್ತಿತ್ತು. ಬರುವವರನ್ನು ಕರೆಯಲಿಲ್ಲ, ಬಂದವರನ್ನು ತಡೆಯಲಿಲ್ಲ. ತಾಯಿತಂದೆಯರನ್ನೂ ಮನೆಯನ್ನೂ ಅರಿಯದ ಬಾಲವಿಧವೆಯರಿಗೆ ಒಬ್ಬ ತಾಯಿ ಮಗಳೊಡನೆ ಕುಳಿತಿರುವ ನೋಟವೇ ಆಕರ್ಷಣೆ. ಒಬ್ಬೊಬ್ಬರಾಗಿ ಹೊಸ್ತಿಲಲ್ಲಿ ಬಂದು ಕುಳಿತರು. ಸುದ್ದಿ ಊರಿಗೆ ಹಬ್ಬಿತು. ಟಿಳಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ, ಅದುವರೆಗೆ ಆಕೆಯ ಬೆನ್ನಿಗಿದ್ದ ರಾನಡೆ, ಭಾಂಡಾರಕರರೇ ಸಲಹಾ ಸಮಿತಿಯನ್ನು ಬಿಟ್ಟರು. ಅನೇಕ ಪೋಷಕರು ಬಂದು ತಮ್ಮ ಹುಡುಗಿಯರನ್ನು ಕರೆದುಕೊಂಡು ಹೋದರು.

ಇಲ್ಲಿ ನನ್ನ ಅಭಿಪ್ರಾಯವನ್ನು ಹೇಳಬೇಕು. ಪೋಷಕರ ಅಳಲು ಬರಿಯ ಅಂಧಶ್ರದ್ಧೆಯಾಗಿರಲಿಲ್ಲ. ತಟಸ್ಥವೆಂದು ನಂಬಿ ಮಗಳನ್ನು ಬಿಟ್ಟುಹೋದವನಿಗೆ ಆಕೆ ಬೇರೆ ಮತದ ಪ್ರಾರ್ಥನೆಯಲ್ಲಿ ಕುಳಿತಿರುವಳೆಂದು ಕೇಳಿದಾಗ ಎದೆ ಧಸಕ್ಕೆನ್ನುವುದು ಸಹಜ. ಮೇಲ್ವಿಚಾರಕಿಯ ಪ್ರಭಾವ ಎಳೆಯರ ಮೇಲೆ ಎಷ್ಟೆಂಬುದನ್ನು ರಾನಡೆಯವರಂತಹ ನ್ಯಾಯಮೂರ್ತಿ ತೂಗಿ ನೋಡದಿರುತ್ತಾರೆಯೆ? ಇನ್ನೊಂದು ಪಕ್ಷದಲ್ಲಿ, ತನ್ನ ಮಗಳೊಡನೆ ತನ್ನ ದೇವರನ್ನು ನೆನೆಯಲು ಬಾಗಿಲು ಹಾಕಿಕೊಳ್ಳಬೇಕೆಂದರೆ ರಮಾಬಾಯಿಯವರು ಹೇಗೆ ಒಪ್ಪಿಯಾರು? ಆಕೆಗೆ ಆ ಅರ್ಧ ಗಂಟೆ ಪ್ರಚಾರವಾಗಿರಲಿಲ್ಲ. ನಸುಕಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತನ್ನ ತಾಯಿ ನಡೆಸಿದ ಕ್ರಮವನ್ನೇ, ಶಾಸ್ತ್ರ ಬದಲಾದರೂ, ತಾನೂ ನಡೆಸುತ್ತಿದ್ದುದು. ಎಲ್ಲರನ್ನೂ ಕಳೆದುಕೊಂಡವಳಿಗೆ ಉಳಿದಿದ್ದ ಸಂಸಾರವೆಂದರೆ ಹನ್ನೆರಡು ವರ್ಷದ ಆ ಒಬ್ಬ ಹುಡುಗಿ. ಸಂಸ್ಥೆ ಮುಳುಗಿದರೂ ಬಾಗಿಲು ಮುಚ್ಚಲಾರೆನೆಂದು ಆಕೆ ನಿಂತರು. ಸಂಸ್ಥೆ ಮುಳುಗಲೂ ಇಲ್ಲ.

ದೀಕ್ಷೆಯನ್ನು ಪಡೆದ ದಿನಗಳಲ್ಲಿ ತನಗೆ ದೊರೆತದ್ದು ಕ್ರೈಸ್ತಮತ ಮಾತ್ರ, ಕ್ರಿಸ್ತನಲ್ಲ ಎಂಬರ್ಥದಲ್ಲಿ ಅವರು 1907ರ ತಮ್ಮ ಆತ್ಮನಿವೇದನೆಯಲ್ಲಿ ಬರೆದುಕೊಂಡಿದ್ದಾರೆ. ಸುಮಾರು ಎಂಟು ವರ್ಷಗಳ ವಾದ, ಓದು, ಸಂಶಯಗಳ ತರುವಾಯ ಮನಸ್ಸಿಗೆ ಶಾಂತಿ ಬಂದಿತಂತೆ. ಅಂದರೆ ಆ ಶಾಂತಿ ಬಂದದ್ದು ಇಂಗ್ಲೆಂಡಿನ ಮಠದಲ್ಲಲ್ಲ. ಹುಡುಗಿಯರ ಅಡುಗೆ, ಪಾಠ, ಜ್ವರ, ಜಗಳಗಳ ನಡುವೆ.

1896ರ ಕೊನೆಯಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮವೆಂಬ ಸುದ್ದಿ ಬಂದಾಗ ಹಸಿವಿನ ಹಳೆಯ ನೆನಪುಗಳೆಲ್ಲ ಮರುಕಳಿಸಿದುವು. ರಮಾಬಾಯಿ ತಾವೇ ಹೊರಟು, ಎಲುಬಿನ ಗೂಡಾಗಿದ್ದ ಸುಮಾರು 300 ಹುಡುಗಿಯರನ್ನೂ ಹೆಂಗಸರನ್ನೂ ಪುಣೆಗೆ ಕರೆತಂದರು. ಆದರೆ 1897ರಲ್ಲಿ ಪುಣೆಗೆ ಪ್ಲೇಗು ಬಂದಿತು. ಅಧಿಕಾರಿಗಳು ಇಷ್ಟು ಜನರನ್ನು ಊರೊಳಗೆ ಇಡಕೂಡದೆಂದರು. ಕೇಡಗಾಂವದಲ್ಲಿ ಸದನದ ಖರ್ಚಿಗೆ ಆದಾಯವಾಗಲೆಂದು ಮೊದಲೇ ಕೊಂಡಿದ್ದ ಸುಮಾರು 100 ಎಕರೆ ಬಯಲಿತ್ತು. ಅಲ್ಲಿಗೆ ಸಾಗಿಸಿ ಗುಡಿಸಲು, ಡೇರೆಗಳಲ್ಲಿ ಇಟ್ಟರು. ಪ್ಲೇಗಿನ ಆಸ್ಪತ್ರೆಗೆ ಸಾಗಿಸಲ್ಪಟ್ಟ ತಮ್ಮ ಒಬ್ಬ ಹುಡುಗಿಗೆ ಆದ ದುರ್ಗತಿಯನ್ನು ಕುರಿತು ಬಾಂಬೆ ಗಾರ್ಡಿಯನ್ ಪತ್ರಿಕೆಯಲ್ಲಿ ಅವರು ನಿರ್ಭಯವಾಗಿ ಬರೆದರು. ಆ ಪತ್ರದ ಸದ್ದು ಬ್ರಿಟಿಷ್ ಪಾರ್ಲಿಮೆಂಟಿನವರೆಗೆ ಮುಟ್ಟಿತು. ಮುಂಬಯಿಯ ಗವರ್ನರ್ ಸ್ಯಾಂಡ್‌ಹರ್ಸ್ಟರು ಆರೋಪವನ್ನು ಅಲ್ಲಗಳೆದರು. ನಾಲ್ಕು ವರ್ಷದ ಹಿಂದೆ ಆಕೆಯನ್ನು ಖಂಡಿಸಿದ ಪುಣೆಯ ಮುಖಂಡರೂ ಆಕೆಯೂ ಈ ಒಂದು ವಿಷಯದಲ್ಲಿ ಒಂದೇ ಕಡೆ ನಿಂತದ್ದು ಕಾಲದ ವಿನೋದ.

ಹೀಗೆ ಹುಟ್ಟಿದ್ದು ಮುಕ್ತಿ ಸದನ. 1900ರಲ್ಲಿ ಗುಜರಾತಿನ ಕ್ಷಾಮದಿಂದ ಇನ್ನೂ ಸಾವಿರಕ್ಕೆ ಮೇಲ್ಪಟ್ಟು ಹುಡುಗಿಯರು ಬಂದು, ಒಟ್ಟು ಸಂಖ್ಯೆ ಎರಡು ಸಾವಿರಕ್ಕೆ ಸಮೀಪಿಸಿತು. ವಾಚಕರು ಒಂದು ಕ್ಷಣ ನಿಂತು ಈ ಅಂಕೆಯನ್ನು ಯೋಚಿಸಬೇಕು. ನೂರೈವತ್ತು ಊಟದ ಒಂದು ಮದುವೆಗೆ ನಾವು ಎಷ್ಟು ಸಲ ಉಗ್ರಾಣದ ಬೀಗದ ಕೈಯನ್ನು ತಿರುಗಿಸುತ್ತೇವೆ! ಇಲ್ಲಿ ದಿನಕ್ಕೆ ಎರಡು ಹೊತ್ತು, ಎರಡು ಸಾವಿರ ಬಾಯಿ, ಅದೂ ಬರದ ಬಯಲಿನಲ್ಲಿ. ತಲೆಗೆ ಅರ್ಧ ಸೇರು ಧಾನ್ಯವೆಂದರೂ ದಿನಕ್ಕೆ ಸಾವಿರ ಸೇರು ಬೀಸಬೇಕು. ಅದನ್ನು ಬೀಸುವವರೂ ಅದೇ ಹುಡುಗಿಯರು. ನೀರಿಗೆ ರಮಾಬಾಯಿಯವರು ಆಳವಾದ ಬಾವಿಗಳನ್ನು ತೋಡಿಸಿದ್ದರು. ಮಳೆಯಿಲ್ಲದ ವರ್ಷದಲ್ಲಿ ಈ ಹೊತ್ತಿನ ನೀರಾಯಿತು, ನಾಳೆಯದು ಹೇಗೆ ಎಂಬುದೇ ಚಿಂತೆ. ಹೊಲ, ಹಸುಗಳು, ಎಣ್ಣೆಯ ಗಾಣ, ಮಗ್ಗ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸುತ್ತಿದ್ದರು. ದಾರಿತಪ್ಪಿದವರಿಗೆ ಕೃಪಾ ಸದನ, ಮುದುಕಿಯರಿಗೆ ಪ್ರೀತಿ ಸದನ, ಕುರುಡರಿಗೆ ಬಾರ್ತಿಮಿ ಸದನ. ಕುರುಡ ಹುಡುಗಿಯರಿಗೆ ಉಬ್ಬಕ್ಷರದ ಓದನ್ನು ಕಲಿಸಿದವಳು ಮನೋರಮೆ.

ಈ ದೊಡ್ಡ ಗದ್ದಲದ ನಡುವೆ ಒಂದು ದೇವಮಂದಿರ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅದರ ಕಟ್ಟಡ ಆರಂಭವಾಯಿತು. ಅದು ಆಂಗ್ಲಿಕನರದೂ ಅಲ್ಲ, ಬೇರಾವ ಪಂಗಡದ್ದೂ ಅಲ್ಲ. ನೆಲದ ಮೇಲೆ ಸಾಲುಸಾಲಾಗಿ ಕುಳಿತು, ಮರಾಠಿಯ ಭಜನೆಗಳನ್ನು ನಮ್ಮ ದೇಶದ ಧಾಟಿಗಳಲ್ಲಿಯೇ ಹಾಡುವ ಪದ್ಧತಿ. ಕೆಲವನ್ನು ರಮಾಬಾಯಿಯವರೇ ರಚಿಸಿದ್ದರು. ಬೆಳಗಿನ ಗಂಟೆ, ಪ್ರಾರ್ಥನೆ, ಕೆಲಸ, ಪಾಠ, ಊಟ, ಮತ್ತೆ ಸಂಜೆಯ ಪ್ರಾರ್ಥನೆ. ಹಸಿವಿನಿಂದ ತಾಯಿತಂದೆಗಳು ಸತ್ತುದನ್ನು ಕಣ್ಣಾರೆ ಕಂಡು ಬಂದ ಮಕ್ಕಳು ಇವರು. ಮೊದಲಲ್ಲಿ ಕೊಟ್ಟ ರೊಟ್ಟಿಯನ್ನು ಬಚ್ಚಿಡುವುದು, ಬೆದರಿ ಓಡಿಹೋಗುವುದು, ಕಚ್ಚುವುದು ಎಲ್ಲ ಇದ್ದೀತು. ಅಂತಹವರಿಗೆ ನಾಳೆಯೂ ಇದೇ ಗಂಟೆ ಹೊಡೆಯುವುದು, ಇದೇ ಜಾಗದಲ್ಲಿ ತಟ್ಟೆ ಇಡುವರು, ಸಂಜೆ ಇದೇ ಪಕ್ಕದವಳೊಡನೆ ಕುಳಿತು ಹಾಡುವೆನೆಂಬ ನೆಚ್ಚಿಕೆಗಿಂತ ದೊಡ್ಡ ಔಷಧವಿಲ್ಲ. ಹನ್ನೊಂದು ದಿನ ಎಲೆ ತಿಂದು ಬದುಕಿದವಳಿಗೆ ಇದನ್ನು ಬೇರೆಯವರು ತಿಳಿಸಿಕೊಡಬೇಕಾಗಿರಲಿಲ್ಲ.

1905ರಲ್ಲಿ ಕೇಡಗಾಂವದ ಈ ಪ್ರಾರ್ಥನೆ ದೊಡ್ಡ ಸುದ್ದಿಯಾಯಿತು. ಜನವರಿಯಲ್ಲಿ 70 ಮಂದಿಯಿಂದ ಆರಂಭವಾದ ಪ್ರಾರ್ಥನಾ ಬಳಗವು ಜೂನಿನ ವೇಳೆಗೆ 550ಕ್ಕೆ ಬೆಳೆಯಿತು. ಜೂನ್ ಕೊನೆಯಲ್ಲಿ ಹುಡುಗಿಯರು ಗಂಟೆಗಟ್ಟಲೆ ಅಳುತ್ತ, ಕೂಗುತ್ತ, ಒಟ್ಟೊಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಹಲವು ದೇಶಗಳ ಕ್ರೈಸ್ತರು ಇದನ್ನು ಮಹಾ ಸಂಭವವೆಂದು ಬರೆದರು. ಕೆಲವರು ಉನ್ಮಾದವೆಂದು ಹೀಗಳೆದರು. ರಮಾಬಾಯಿಯವರು ತಮ್ಮ ಮುಕ್ತಿ ಪ್ರೇಯರ್ ಬೆಲ್ ಪತ್ರಿಕೆಯಲ್ಲಿ, ಭಾರತದ ಜನರು ತಮ್ಮ ಭಕ್ತಿಯನ್ನು ತಮ್ಮದೇ ರೀತಿಯಲ್ಲಿ ತೋರಿಸುವರೆಂದೂ ಅದನ್ನು ಪಾಶ್ಚಾತ್ಯರ ಅಳತೆಗೋಲಿನಿಂದ ಅಳೆಯಬಾರದೆಂದೂ ಉತ್ತರಿಸಿದರು. ಭಜನೆಯಲ್ಲಿ ಮೈಮರೆತು ಕುಣಿಯುವ ವಾರಕರಿಗಳನ್ನು ಕಂಡ ನಮಗೆ ಇದರಲ್ಲಿ ಸೋಜಿಗವೇನೂ ತೋರುವುದಿಲ್ಲ.

ಮನೋರಮೆ ತಾಯಿಗೆ ಬಲಗೈಯಾಗಿ ಬೆಳೆದಳು. ಅಮೆರಿಕದಲ್ಲಿ ಓದುತ್ತಿದ್ದವಳು 1900ರ ಕ್ಷಾಮದ ಹೊತ್ತಿಗೆ ಹಿಂದಿರುಗಿ ಬಂದಳು. ಮುಂಬಯಿ ವಿಶ್ವವಿದ್ಯಾನಿಲಯದ ಬಿ. ಎ. ಪದವಿಯನ್ನು ಪಡೆದು ಶಾರದಾ ಸದನದ ಮುಖ್ಯೋಪಾಧ್ಯಾಯಿನಿಯಾದಳು. ಕಿವಿ ಕೇಳಿಸದ ತಾಯಿಗೆ ಹೊರಲೋಕದ ಕಿವಿಯೂ ಬಾಯಿಯೂ ಅವಳೇ. 1912ರ ಸುಮಾರಿಗೆ, ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಗುಲಬರ್ಗೆಯಲ್ಲಿ ತಾಯಿ ಮಗಳ ಪ್ರಯತ್ನದಿಂದ ಒಂದು ಕ್ರೈಸ್ತ ಪ್ರೌಢಶಾಲೆ ಸ್ಥಾಪಿತವಾಯಿತು. ಇಂದು ನಾವು ಕಲಬುರಗಿಯೆನ್ನುವ ಆ ಊರಿನಿಂದ ರಾಯಚೂರು ಬಹಳ ದೂರವಲ್ಲ. ಅಜ್ಜಿಯು ಒಂದು ತುಂಡು ರೊಟ್ಟಿಯನ್ನು ನುಂಗಲಾರದೆ ಕಣ್ಮುಚ್ಚಿದ ಸೀಮೆಗೆ ಮೊಮ್ಮಗಳು ಶಾಲೆಯನ್ನು ಕಟ್ಟಲು ಬಂದಳು. ಕನ್ನಡ ನಾಡಿನೊಡನೆ ಆ ಸಂಸಾರದ ಸಂಬಂಧ ಗಂಗಾಮೂಲದಲ್ಲಿ ಮುಗಿದಿರಲಿಲ್ಲ.

ರಮಾಬಾಯಿಯವರ ಕೊನೆಯ ಹದಿನೆಂಟು ವರ್ಷಗಳ ದೊಡ್ಡ ಕೆಲಸ ಬೈಬಲಿನ ಮರಾಠಿ ಅನುವಾದ. ಆಗಿದ್ದ ಅನುವಾದವು ಹಳ್ಳಿಯ ಹೆಂಗಸರಿಗೆ ತಿಳಿಯುವಂತಿಲ್ಲವೆಂದು ಅವರಿಗೆ ಅನಿಸಿತ್ತು. ಅದಕ್ಕಾಗಿ ಆ ವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಹದಿನೆಂಟು ಸಾವಿರ ಶ್ಲೋಕಗಳನ್ನು ಬಲ್ಲ ಪಂಡಿತೆಯು ಸಂಸ್ಕೃತದ ಭಾರವನ್ನು ಬೇಕೆಂದೇ ಇಳಿಸಿ, ಬೀಸುವ ಕಲ್ಲಿನ ಮುಂದೆ ಕುಳಿತವಳಿಗೆ ಅರ್ಥವಾಗುವ ಮಾತುಗಳನ್ನು ಹುಡುಕಿದಳೆಂಬುದು ನನಗೆ ಆಕೆಯ ಎಲ್ಲ ಬಿರುದುಗಳಿಗಿಂತ ಹೆಚ್ಚಾಗಿ ಕಾಣುತ್ತದೆ. 1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು.

1921ರ ಜುಲೈ 24ರಂದು ಮನೋರಮಾಬಾಯಿ ತೀರಿಕೊಂಡರು. ವಯಸ್ಸು ನಲವತ್ತು. ತನ್ನ ತರುವಾಯ ಸದನವನ್ನು ನಡೆಸುವಳೆಂದು ನಂಬಿದ್ದ ಮಗಳು ಮುಂದಾಗಿ ಹೋದಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ರಮಾಬಾಯಿಯವರು ಅನುವಾದದ ಅಚ್ಚಿನ ತಿದ್ದುಪಡಿಗಳನ್ನು ಮುಂದುವರಿಸಿ, ಆ ಕೆಲಸವನ್ನು ತೀರಿಸಿಕೊಂಡು, 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ನಿಧನ ಹೊಂದಿದರು. ಅರುವತ್ತನಾಲ್ಕು ತುಂಬಲು ಹದಿನೆಂಟು ದಿನಗಳಿದ್ದುವು.

ಆಕೆಯ ಹೆಸರಿನ ಮುಕ್ತಿ ಮಿಷನ್ ಇಂದಿಗೂ ಕೇಡಗಾಂವದಲ್ಲಿ ಅನಾಥರನ್ನೂ ನಿರ್ಗತಿಕ ಸ್ತ್ರೀಯರನ್ನೂ ಸಾಕುತ್ತಿದೆ. 1989ರಲ್ಲಿ ಭಾರತದ ಅಂಚೆ ಇಲಾಖೆಯು ಆಕೆಯ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು. ಮರಾಠಿ ಬೈಬಲು ಆಕೆ ಸತ್ತ ಎರಡು ವರ್ಷಗಳ ಮೇಲೆ, 1924ರಲ್ಲಿ, ಕೇಡಗಾಂವದ ಅಚ್ಚುಕೂಟದಿಂದಲೇ ಹೊರಬಂದಿತು. ಮೊಳೆಗಳನ್ನು ಜೋಡಿಸಿ ಅದನ್ನು ಅಚ್ಚುಹಾಕಿದವರು, ಕ್ಷಾಮದ ಕಾಲದಲ್ಲಿ ಬಂದಾಗ ಅಕ್ಷರವನ್ನೇ ಅರಿಯದಿದ್ದ ಹೆಂಗಸರು.